ಕಡಲಲೆಯಿಂದ ವಿದ್ಯುತ್

ಗಾಳಿ ಎಬ್ಬಿಸಿದ ಸಮುದ್ರದ ಅಲೆಗಳ ಚಲನೆಯನ್ನು ಯಂತ್ರಗಳಿಂದ ಹಿಡಿದು ವಿದ್ಯುತ್ತಾಗಿ ಮಾರ್ಪಡಿಸುವ ವಿಧಾನ. ನವೀಕರಿಸಬಹುದಾದ ಶಕ್ತಿಮೂಲಗಳನ್ನು ಹೆಸರಿಸುವಾಗ ಬಿಸಿಲು, ಗಾಳಿ, ನೀರಿನ ಜೊತೆಗೆ ಅಲೆಯ ಹೆಸರೂ ಬರುತ್ತದೆ. ಆದರೆ ಅವುಗಳ ಸಾಲಿನಲ್ಲಿ ನಿಲ್ಲುವಷ್ಟು ಇದು ಇನ್ನೂ ಬೆಳೆದಿಲ್ಲ. ಸೌರಫಲಕಗಳ ಜಾಗತಿಕ ಸಾಮರ್ಥ್ಯ 2022ರಲ್ಲೇ ಸಾವಿರ ಗಿಗಾವ್ಯಾಟ್ ದಾಟಿತು. ಕಡಲಲ್ಲಿ ದುಡಿಯುತ್ತಿರುವ ಅಲೆಯಂತ್ರಗಳನ್ನೆಲ್ಲ ಕೂಡಿಸಿದರೂ ಲೆಕ್ಕ ಕೆಲವೇ ಮೆಗಾವ್ಯಾಟುಗಳಲ್ಲಿ ಮುಗಿದುಹೋಗುತ್ತದೆ. ಮೊದಲ ಪೇಟೆಂಟ್ ದೊರೆತು ಇನ್ನೂರು ವರ್ಷ ಮೀರಿದೆ, ಈ ನಡುವೆ ಪ್ರತಿಭಾವಂತ ಎಂಜಿನಿಯರುಗಳ ಕೊರತೆಯೂ ಇರಲಿಲ್ಲ. ಅಲೆಯಿಂದ ವಿದ್ಯುತ್ ತೆಗೆಯುವ ವಿದ್ಯೆ ಬಹುಬೇಗ ಕೈಗೆ ಬಂತು. ತೆಗೆಯುವ ಯಂತ್ರವನ್ನು ಕಡಲಲ್ಲಿ ವರ್ಷಗಟ್ಟಲೆ ಉಳಿಸಿಕೊಳ್ಳುವ ವಿದ್ಯೆ ಮಾತ್ರ ಇನ್ನೂ ಪೂರ್ತಿ ಒಲಿದಿಲ್ಲ.

ಇದನ್ನು ಉಬ್ಬರವಿಳಿತದ ವಿದ್ಯುತ್ತಿನೊಂದಿಗೆ ಬೆರೆಸಬಾರದು. ಉಬ್ಬರವಿಳಿತ ಚಂದ್ರ ಮತ್ತು ಸೂರ್ಯರ ಸೆಳೆತದಿಂದ ಆಗುವಂಥದು, ಅದರ ಹೊತ್ತನ್ನು ವರ್ಷಗಳ ಮುಂಚೆಯೇ ಗುಣಿಸಿ ಹೇಳಬಹುದು. ಫ್ರಾನ್ಸಿನ ರಾನ್ಸ್ ಅಳಿವೆಯಲ್ಲಿ 240 ಮೆಗಾವ್ಯಾಟಿನ ಉಬ್ಬರವಿಳಿತ ಸ್ಥಾವರ 1966ರಿಂದ ನಡೆಯುತ್ತಿದೆ. ಅಲೆಗೆ ಅಂಥ ಪಂಚಾಂಗವಿಲ್ಲ. ಅದು ಗಾಳಿಯ ಕೆಲಸ. ಗಾಳಿ ಬಿಸಿಲಿನ ಕೆಲಸ.

ಅಲೆಯ ಹುಟ್ಟು ಮತ್ತು ಬಲ

ಅಲೆ ಎಷ್ಟು ದೊಡ್ಡದಾಗುತ್ತದೆ ಎಂಬುದನ್ನು ಮೂರು ಸಂಗತಿಗಳು ತೀರ್ಮಾನಿಸುತ್ತವೆ: ಗಾಳಿಯ ವೇಗ, ಅದು ಬೀಸಿದ ಕಾಲ, ತಡೆಯಿಲ್ಲದೆ ನೀರಿನ ಮೇಲೆ ಅದು ಕ್ರಮಿಸಿದ ದೂರ. ಗಾಳಿ ನಿಂತ ಮೇಲೂ ಅಲೆ ನಿಲ್ಲುವುದಿಲ್ಲ. ಬಿರುಗಾಳಿಯ ವಲಯದಿಂದ ಹೊರಬಿದ್ದ ಉದ್ದನೆಯ ಅಲೆಗಳು ಬಹಳ ಕಡಿಮೆ ಶಕ್ತಿ ಕಳೆದುಕೊಂಡು ಸಾವಿರಾರು ಕಿಲೋಮೀಟರ್ ಸಾಗುತ್ತವೆ. ಅಮೆರಿಕದ ಸಾಗರವಿಜ್ಞಾನಿ ವಾಲ್ಟರ್ ಮಂಕ್ ಮತ್ತು ಸಂಗಡಿಗರು 1963ರಲ್ಲಿ ಅಂಟಾರ್ಕ್ಟಿಕದ ಬಳಿಯ ಬಿರುಗಾಳಿಗಳಿಂದ ಹೊರಟ ಅಲೆಗಳನ್ನು ಇಡೀ ಪೆಸಿಫಿಕ್ ದಾಟಿ ಅಲಾಸ್ಕದವರೆಗೆ ಹಿಂಬಾಲಿಸಿ ಅಳೆದರು. ಹಿಂದೂ ಮಹಾಸಾಗರದಲ್ಲೂ ಇದೇ ನಡೆಯುತ್ತದೆ. ದಕ್ಷಿಣದ ನಲವತ್ತು–ಐವತ್ತು ಡಿಗ್ರಿ ಅಕ್ಷಾಂಶಗಳಲ್ಲಿ ಎದ್ದ ಬಿರುಗಾಳಿಯ ಅಲೆ ಸುಮಾರು ಒಂದು ವಾರದಲ್ಲಿ ನಮ್ಮ ಪಶ್ಚಿಮ ಕರಾವಳಿಗೆ ಬಂದು ಮುಟ್ಟುತ್ತದೆ. ಇಲ್ಲಿ ಗಾಳಿ ಇಲ್ಲ, ಮೋಡ ಇಲ್ಲ, ಕಡಲು ಮಾತ್ರ ಏರಿ ಬರುತ್ತದೆ. ಕೇರಳದ ಮೀನುಗಾರರು ಕಳ್ಳಕ್ಕಡಲ್ ಎನ್ನುವ ಈ ವಿದ್ಯಮಾನದ ಬಗ್ಗೆ ಹೈದರಾಬಾದಿನ ಭಾರತೀಯ ರಾಷ್ಟ್ರೀಯ ಸಾಗರ ಮಾಹಿತಿ ಸೇವೆಗಳ ಕೇಂದ್ರ ಈಗ ಕರ್ನಾಟಕದ ಕರಾವಳಿಗೂ ಮುನ್ನೆಚ್ಚರಿಕೆ ಕೊಡುತ್ತದೆ.

ಅಲೆ ಸಾಗುವಾಗ ನೀರು ಅದರ ಜೊತೆ ಸಾಗುವುದಿಲ್ಲ. ನೀರಿನ ಪ್ರತಿ ಕಣವೂ ಹೆಚ್ಚುಕಡಿಮೆ ಇದ್ದಲ್ಲಿಯೇ ಒಂದು ಸುತ್ತು ಹಾಕುತ್ತದೆ. ಮೇಲ್ಮೈಯಲ್ಲಿ ಈ ಸುತ್ತು ದೊಡ್ಡದು, ಆಳಕ್ಕೆ ಇಳಿದಂತೆ ಬಹುಬೇಗ ಕಿರಿದಾಗಿ, ಅಲೆಯುದ್ದದ ಅರ್ಧದಷ್ಟು ಆಳದಲ್ಲಿ ಬಹುಮಟ್ಟಿಗೆ ಅಡಗಿಹೋಗುತ್ತದೆ. ಎಂಟು ಸೆಕೆಂಡಿಗೊಮ್ಮೆ ಬರುವ ಅಲೆಯ ಉದ್ದ ಆಳನೀರಿನಲ್ಲಿ ಸುಮಾರು 100 ಮೀ., ಎಂದರೆ 50 ಮೀ. ಕೆಳಗೆ ಅದರ ಸುಳಿವು ಸಿಗುವುದು ಕಷ್ಟ. ಅದಕ್ಕಿಂತ ಕಡಿಮೆ ಆಳದ ನೀರಿಗೆ ಬಂದ ಅಲೆ ತಳಕ್ಕೆ ಉಜ್ಜಿಕೊಂಡು, ದಡದ ಬಳಿ ಒಡೆದು ತನ್ನ ಬಲದ ದೊಡ್ಡ ಪಾಲನ್ನು ಕಳೆದುಕೊಳ್ಳುತ್ತದೆ. ದಡದಲ್ಲಿ ನಿಂತವರಿಗೆ ಅಬ್ಬರವಾಗಿ ಕಾಣುವುದು ಹೀಗೆ ಸವೆದು ಉಳಿದ ಅಲೆಯೇ.

ಬಲದ ಲೆಕ್ಕಕ್ಕೆ ಒಂದು ಸುಲಭ ಸೂತ್ರವಿದೆ. ಅಲೆಯ ಎತ್ತರವನ್ನು ಮೀಟರಿನಲ್ಲಿ ಅಳೆದು ವರ್ಗ ಮಾಡಿ, ಎರಡು ಅಲೆಗಳ ನಡುವಿನ ಸೆಕೆಂಡುಗಳಿಂದ ಗುಣಿಸಿ, ಅರ್ಧ ಮಾಡಿದರೆ ಅಲೆಯ ಮುಂಚೂಣಿಯ ಪ್ರತಿ ಮೀಟರಿಗೆ ಎಷ್ಟು ಕಿಲೋವ್ಯಾಟ್ ಎಂಬುದು ಸರಿಸುಮಾರು ಸಿಗುತ್ತದೆ. ಮೂರು ಮೀಟರ್ ಎತ್ತರದ, ಎಂಟು ಸೆಕೆಂಡಿನ ಅಲೆಯಲ್ಲಿ ಮೀಟರಿಗೆ 36 ಕಿಲೋವ್ಯಾಟ್. ಒಂದು ಮೀಟರ್ ಎತ್ತರದ, ಆರು ಸೆಕೆಂಡಿನ ಅಲೆಯಲ್ಲಿ ಮೂರು ಕಿಲೋವ್ಯಾಟ್ ಮಾತ್ರ. ಹತ್ತು ಮೀಟರಿನ, ಹದಿಮೂರು ಸೆಕೆಂಡಿನ ಬಿರುಗಾಳಿಯ ಅಲೆಯಲ್ಲಿ 650 ಕಿಲೋವ್ಯಾಟ್. ಈ ಮೂರು ಅಂಕಿಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡಿದರೆ ಈ ತಂತ್ರಜ್ಞಾನದ ಗೋಳೆಲ್ಲ ಅರ್ಥವಾಗುತ್ತದೆ. ಯಂತ್ರ ದುಡಿದು ಸಂಪಾದಿಸಬೇಕಾದದ್ದು ಮೂರರಿಂದ ಮೂವತ್ತಾರರ ನಡುವೆ; ಮುರಿಯದೆ ತಡೆದುಕೊಳ್ಳಬೇಕಾದದ್ದು ಆರುನೂರೈವತ್ತನ್ನು. ಅದರ ಉಕ್ಕು, ಕಾಂಕ್ರೀಟ್, ಲಂಗರಿನ ಸರಪಳಿ ಎಲ್ಲದರ ಬೆಲೆಯನ್ನೂ ನಿಗದಿ ಮಾಡುವುದು ಆ ಕೊನೆಯ ಅಂಕಿ, ಅದೂ ಒಂದು ಪೈಸೆ ವರಮಾನ ತರದ ಅಂಕಿ.

ಜಗತ್ತಿನ ತೀರಗಳಿಗೆ ಬಂದು ಬಡಿಯುವ ಅಲೆಗಳ ಒಟ್ಟು ಬಲ ಸುಮಾರು ಎರಡು ಟೆರಾವ್ಯಾಟ್ ಎಂಬುದು ತಜ್ಞರು ಸಾಮಾನ್ಯವಾಗಿ ಒಪ್ಪುವ ಅಂದಾಜು. ಇದರ ಹಂಚಿಕೆ ಸಮನಾಗಿಲ್ಲ. ಪಡುವಣ ಗಾಳಿಗಳು ವರ್ಷವಿಡೀ ಬೀಸುವ 30ರಿಂದ 60 ಡಿಗ್ರಿ ಅಕ್ಷಾಂಶಗಳ ಪಶ್ಚಿಮ ತೀರಗಳು ಶ್ರೀಮಂತ. ಐರ್ಲೆಂಡ್, ಸ್ಕಾಟ್ಲೆಂಡ್, ಚಿಲಿ, ನೈರುತ್ಯ ಆಸ್ಟ್ರೇಲಿಯ, ಟಾಸ್ಮೇನಿಯ ಈ ಗುಂಪಿಗೆ ಸೇರಿದವು. ಐರ್ಲೆಂಡಿನ ಪಶ್ಚಿಮಕ್ಕೆ ವಾರ್ಷಿಕ ಸರಾಸರಿ ಮೀಟರಿಗೆ 60 ಕಿಲೋವ್ಯಾಟ್ ಮೀರುತ್ತದೆ. ಭಾರತದ ತೀರದಲ್ಲಿ ಇದು 5ರಿಂದ 15 ಕಿಲೋವ್ಯಾಟ್.

ಯಂತ್ರಗಳ ಬಗೆ

ಗಾಳಿಯಂತ್ರವೆಂದರೆ ಇಂದು ಎಲ್ಲ ಕಡೆಯೂ ಮೂರು ರೆಕ್ಕೆಯ ಒಂದೇ ರೂಪ. ಅಲೆಯಂತ್ರಕ್ಕೆ ಅಂಥ ಒಪ್ಪಿತ ರೂಪ ಇಲ್ಲಿಯವರೆಗೆ ಬಂದಿಲ್ಲ. ಸಾವಿರಕ್ಕೂ ಹೆಚ್ಚು ಪೇಟೆಂಟುಗಳಿವೆ. ಇವುಗಳಲ್ಲಿ ಬಹುಪಾಲು ನಾಲ್ಕೈದು ಮೂಲ ಕಲ್ಪನೆಗಳ ರೂಪಾಂತರ.

ಹೆಚ್ಚು ಪರೀಕ್ಷೆಗೆ ಒಳಗಾದದ್ದು ಆಂದೋಲಿಸುವ ನೀರುಕಂಬದ ವಿಧಾನ. ತಳದ ಬಳಿ ಸಮುದ್ರಕ್ಕೆ ತೆರೆದ ಒಂದು ಕಾಂಕ್ರೀಟ್ ಕೋಣೆ. ಅದರೊಳಗೆ ಅಲೆ ಏರಿದಾಗ ಮೇಲಿನ ಗಾಳಿ ಕಿರಿದಾದ ಕಂಡಿಯಿಂದ ಹೊರಕ್ಕೆ ನುಗ್ಗುತ್ತದೆ, ಅಲೆ ಇಳಿದಾಗ ಹೊರಗಿನ ಗಾಳಿ ಒಳಕ್ಕೆ ಬರುತ್ತದೆ. ಕೋಣೆ ಹೀಗೆ ಕಮ್ಮಾರನ ತಿದಿಯಾಗುತ್ತದೆ, ತಿದಿ ಒತ್ತುವ ಕೈ ಕಡಲಿನದು. ಕಂಡಿಯಲ್ಲಿ ಕೂರಿಸಿದ ಟರ್ಬೈನ್ ವಿದ್ಯುಜ್ಜನಕವನ್ನು ತಿರುಗಿಸುತ್ತದೆ. ಈ ವಿಧಾನದ ದೊಡ್ಡ ಗುಣವೆಂದರೆ ತಿರುಗುವ ಭಾಗ ಯಾವುದೂ ಉಪ್ಪುನೀರಿನೊಳಗೆ ಇರುವುದಿಲ್ಲ. ರಿಪೇರಿಗೆ ಮುಳುಗುಗಾರರು ಬೇಡ. ಆದರೆ ಗಾಳಿ ಐದಾರು ಸೆಕೆಂಡಿಗೊಮ್ಮೆ ದಿಕ್ಕು ಬದಲಿಸುವುದರಿಂದ ಸಾಮಾನ್ಯ ಟರ್ಬೈನ್ ಇಲ್ಲಿ ಒಗ್ಗದು. ಬೆಲ್‌ಫಾಸ್ಟಿನ ಕ್ವೀನ್ಸ್ ವಿಶ್ವವಿದ್ಯಾಲಯದ ಅಲನ್ ವೆಲ್ಸ್ 1970ರ ದಶಕದ ಉತ್ತರಾರ್ಧದಲ್ಲಿ ಇದಕ್ಕೊಂದು ಚೆಂದದ ಪರಿಹಾರ ಕಂಡುಹಿಡಿದರು. ಎರಡೂ ಮೈ ಒಂದೇ ತೆರನಾದ ರೆಕ್ಕೆಗಳನ್ನು ಚಕ್ರಕ್ಕೆ ಅಡ್ಡಲಾಗಿ ಕೂರಿಸಿದರೆ ಗಾಳಿ ಯಾವ ಕಡೆಯಿಂದ ಬಂದರೂ ಚಕ್ರ ಒಂದೇ ದಿಕ್ಕಿಗೆ ತಿರುಗುತ್ತದೆ. ಕವಾಟಗಳ ಗೊಡವೆಯೇ ಇಲ್ಲ. ವೆಲ್ಸ್ ಟರ್ಬೈನಿಗೆ ಅದರದೇ ದೋಷಗಳೂ ಉಂಟು. ಅದು ತಾನಾಗಿ ಚಾಲೂ ಆಗಲು ತಿಣುಕುತ್ತದೆ, ಗಾಳಿಯ ರಭಸ ಮಿತಿ ಮೀರಿದರೆ ಎಳೆತ ಕಳೆದುಕೊಳ್ಳುತ್ತದೆ, ಕಿವಿಗಡಚಿಕ್ಕುವ ಸದ್ದು ಮಾಡುತ್ತದೆ. ಈ ಸದ್ದಿನ ದೆಸೆಯಿಂದಲೇ ಜನವಸತಿಯ ಬಳಿ ಕಟ್ಟುವ ಸ್ಥಾವರಗಳಿಗೆ ಶಬ್ದ ಅಡಗಿಸುವ ಏರ್ಪಾಟು ಅನಿವಾರ್ಯ.

ಎರಡನೆಯದು ತೇಲುಬುಂಡೆ. ಅಲೆಯುದ್ದಕ್ಕೆ ಹೋಲಿಸಿದರೆ ಪುಟ್ಟದಾದ ತೇಲು, ಏರಿಳಿಯುತ್ತ ತಳಕ್ಕೆ ಬಿಗಿದ ಪಂಪನ್ನೋ ವಿದ್ಯುಜ್ಜನಕವನ್ನೋ ಎಳೆಯುತ್ತದೆ. ಇದರ ಹಿಂದೆ ಬುದ್ಧಿಗೆ ಕಚಗುಳಿ ಇಡುವ ಒಂದು ಭೌತಶಾಸ್ತ್ರವಿದೆ. ನಾರ್ವೆಯ ಶೆಲ್ ಬುಡಾಲ್ ಮತ್ತು ಯೊಹಾನೆಸ್ ಫಾಲ್ನೆಸ್ 1970ರ ದಶಕದ ಮಧ್ಯಭಾಗದಲ್ಲಿ ತೋರಿಸಿದಂತೆ, ಸರಿಯಾದ ಲಯಕ್ಕೆ ಏರಿಳಿಯುವ ತೇಲು ತನ್ನ ಅಗಲಕ್ಕಿಂತ ಹೆಚ್ಚು ಅಗಲದ ಅಲೆಯಿಂದ ಶಕ್ತಿ ಸೆಳೆಯಬಲ್ಲದು. ಅದರ ಮೇಲ್ಮಿತಿ ಅಲೆಯುದ್ದದ ಸುಮಾರು ಆರನೇ ಒಂದು ಪಾಲು. ನೂರು ಮೀಟರಿನ ಅಲೆಗೆ ಹದಿನಾರು ಮೀಟರ್. ತೇಲು ತಾನೇ ಒಂದು ಎದುರಲೆ ಎಬ್ಬಿಸುತ್ತದೆ, ಆ ಅಲೆ ಬಂದ ಅಲೆಯನ್ನು ಅಳಿಸುತ್ತದೆ, ಅಳಿದ ಅಲೆಯ ಶಕ್ತಿ ಯಂತ್ರದ ಪಾಲಾಗುತ್ತದೆ. ಒಳ್ಳೆಯ ಅಲೆಯಂತ್ರ ಒಳ್ಳೆಯ ಅಲೆ ಎಬ್ಬಿಸುವ ಯಂತ್ರವೂ ಆಗಿರಬೇಕು. ಕಷ್ಟವೆಂದರೆ, ಕಡಲಲೆಯ ಲಯ ಕ್ಷಣಕ್ಷಣಕ್ಕೂ ಬದಲಾಗುತ್ತದೆ. ಬರುವ ಅಲೆಯನ್ನು ಮೊದಲೇ ಅಂದಾಜಿಸಿ ತೇಲನ್ನು ಹಿಡಿದು ಬಿಡುವ ನಿಯಂತ್ರಣ ತಂತ್ರ ಇಂದಿಗೂ ಸಂಶೋಧನೆಯ ಮುಖ್ಯ ವಿಷಯ.

ಇನ್ನುಳಿದವನ್ನು ಚಿಕ್ಕದಾಗಿ ಹೇಳಬಹುದು. ಅಲೆಯ ದಿಕ್ಕಿಗೆ ಉದ್ದಕ್ಕೆ ಮಲಗಿ ಕೀಲುಗಳಲ್ಲಿ ಬಾಗುವ ಸರಣಿ ಕೊಳವೆಗಳು. ತಳಕ್ಕೆ ಕೀಲು ಹಾಕಿ ನಿಲ್ಲಿಸಿದ, ಅಲೆಯೊಂದಿಗೆ ಹಿಂದೆಮುಂದೆ ತೊನೆಯುವ ಹಲಗೆಗಳು. ಇಳಿಜಾರು ಏರಿಬಂದ ನೀರನ್ನು ಎತ್ತರದ ತೊಟ್ಟಿಯಲ್ಲಿ ಹಿಡಿದು ಸಾಮಾನ್ಯ ಜಲವಿದ್ಯುತ್ತಿನ ಹಾಗೆ ಟರ್ಬೈನಿನ ಮೂಲಕ ಕೆಳಗೆ ಬಿಡುವ ತೊಟ್ಟಿಯಂತ್ರಗಳು. ಡೆನ್ಮಾರ್ಕಿನ ವೇವ್ ಡ್ರ್ಯಾಗನ್ ಈ ಕೊನೆಯ ಜಾತಿಯದು. ಅದರ ಕಿರುಮಾದರಿಯನ್ನು 2003ರಲ್ಲಿ ನಿಸ್ಸುಮ್ ಬ್ರೆಡ್ನಿಂಗ್ ಎಂಬ ಖಾರಿಯಲ್ಲಿ ತೇಲಿಬಿಡಲಾಯಿತು.

ಪ್ರಯತ್ನಗಳ ಚರಿತ್ರೆ

ಅಲೆಯಂತ್ರದ ಮೊದಲ ಪೇಟೆಂಟ್ ಪಡೆದವರು ಪ್ಯಾರಿಸಿನ ಗಿರಾರ್ ಎಂಬ ತಂದೆ ಮತ್ತು ಮಗ, 1799ರಲ್ಲಿ. ಲಂಗರು ಹಾಕಿದ ಹಡಗಿನ ಏರಿಳಿತಕ್ಕೆ ಸನ್ನೆ ಕಟ್ಟಿ ಪಂಪು, ಗರಗಸ, ಗಿರಣಿಗಳನ್ನು ನಡೆಸುವ ಕಲ್ಪನೆ ಅವರದು. 1910ರ ಸುಮಾರಿಗೆ ಫ್ರಾನ್ಸಿನ ರ್‍ವಾಯಾನ್ ಎಂಬಲ್ಲಿ ಬೊಶೊ-ಪ್ರಾಸೀಕ್ ಎಂಬುವರು ಕಡಲಂಚಿನ ಬಂಡೆಯಲ್ಲಿ ಕೊರೆದ ಬಾವಿಯ ಗಾಳಿಯಿಂದ ತಮ್ಮ ಮನೆಗೆ ದೀಪ ಹಚ್ಚಿಕೊಂಡರು.

ಇಂದಿನ ಅರ್ಥದಲ್ಲಿ ಈ ವಿದ್ಯೆಯ ಮೂಲಪುರುಷ ಜಪಾನಿನ ಯೋಶಿಯೊ ಮಸುದಾ. ಅವರು 1940ರ ದಶಕದಿಂದಲೇ ಪ್ರಯೋಗಕ್ಕೆ ಇಳಿದು, ನೀರುಕಂಬದ ಗಾಳಿಯಿಂದ ಉರಿಯುವ ದೀಪದ ಬೋಯೆಗಳನ್ನು ರೂಪಿಸಿದರು. ಹಡಗುಗಳಿಗೆ ದಾರಿ ತೋರಿಸುವ ಈ ಬೋಯೆಗಳು 1965ರಿಂದ ಮಾರಾಟಕ್ಕೂ ಬಂದವು. ದೂರದ ಕಡಲಲ್ಲಿ ಬ್ಯಾಟರಿ ಬದಲಿಸುವ ಖರ್ಚಿನ ಮುಂದೆ ಈ ವಿದ್ಯುತ್ತು ಅಗ್ಗವಾಗಿತ್ತು. ಅಲೆ ವಿದ್ಯುತ್ತಿನ ಇಡೀ ಚರಿತ್ರೆಯಲ್ಲಿ ಲಾಭದ ಲೆಕ್ಕ ಕೂಡಿಬಂದ ಬೆರಳೆಣಿಕೆಯ ಉದಾಹರಣೆಗಳಲ್ಲಿ ಇದೂ ಒಂದು. ಇದರ ಉತ್ಪನ್ನ ಕೆಲವು ಹತ್ತು ವ್ಯಾಟುಗಳು ಎಂಬುದನ್ನು ಮರೆಯಬಾರದು. ಅದೇ ಮಸುದಾ 1970ರ ದಶಕದ ಕೊನೆಯಲ್ಲಿ ಕೈಮೇ ಎಂಬ 80 ಮೀ. ಉದ್ದದ ಹಡಗಿನ ತುಂಬ ಗಾಳಿಕೋಣೆಗಳನ್ನು ಕಟ್ಟಿ ಜಪಾನ್ ಸಮುದ್ರದಲ್ಲಿ ನಿಲ್ಲಿಸಿದಾಗ ಸಿಕ್ಕ ವಿದ್ಯುತ್ತು ನಿರೀಕ್ಷೆಯನ್ನು ಮುಟ್ಟಲಿಲ್ಲ.

1973ರ ತೈಲ ಬಿಕ್ಕಟ್ಟು ಬ್ರಿಟನ್ನಿನ ಕಣ್ಣನ್ನು ತನ್ನ ಕಡಲಿನ ಕಡೆ ತಿರುಗಿಸಿತು. ಎಡಿನ್‌ಬರೊ ವಿಶ್ವವಿದ್ಯಾಲಯದ ಸ್ಟೀಫನ್ ಸಾಲ್ಟರ್ 1974ರಲ್ಲಿ ನೇಚರ್ ಪತ್ರಿಕೆಯಲ್ಲಿ ಪ್ರಕಟಿಸಿದ ಲೇಖನ ಈ ಕ್ಷೇತ್ರದ ದಿಕ್ಕನ್ನೇ ಬದಲಿಸಿತು. ಬಾತುಕೋಳಿ ಎಂದು ಹೆಸರಾದ ಅವರ ಯಂತ್ರದ ಮೂತಿ ಅಲೆಗೆ ತಲೆದೂಗುತ್ತದೆ. ಹಿಂಭಾಗ ದುಂಡಗಿರುವುದರಿಂದ ಅದು ಅಲುಗಿದರೂ ಹಿಂದುಗಡೆ ಅಲೆ ಏಳುವುದಿಲ್ಲ, ಹಾಗಾಗಿ ಶಕ್ತಿ ಸೋರಿಹೋಗುವುದಿಲ್ಲ. ಪ್ರಯೋಗಶಾಲೆಯ ಕಿರುತೊಟ್ಟಿಯಲ್ಲಿ ಅದು ಅಲೆಯ ಶಕ್ತಿಯಲ್ಲಿ ಶೇ. 80ಕ್ಕೂ ಮೀರಿದ ಭಾಗವನ್ನು ಹೀರಿತು. ಹೆಬ್ರಿಡಿಸ್ ದ್ವೀಪಗಳಾಚೆ 2,000 ಮೆಗಾವ್ಯಾಟಿನ ಸ್ಥಾವರ ಕಟ್ಟುವ ಗುರಿಯಿಟ್ಟುಕೊಂಡು ಬ್ರಿಟಿಷ್ ಸರ್ಕಾರ ಸಂಶೋಧನೆಗೆ ಹಣ ಸುರಿಯಿತು. ಮೊದಲ ಹೆಜ್ಜೆಯಲ್ಲೇ ಅಣುಸ್ಥಾವರದ ಗಾತ್ರ ಕೇಳಿದ್ದು ವಿವೇಕದ ಮಾತಾಗಿರಲಿಲ್ಲ. ಡ್ಯಾನಿಶ್ ಕಮ್ಮಾರರು ಅದೇ ಕಾಲದಲ್ಲಿ ಹತ್ತಾರು ಕಿಲೋವ್ಯಾಟಿನ ಗಾಳಿಯಂತ್ರಗಳನ್ನು ಕಟ್ಟಿ, ಮುರಿದು, ಮತ್ತೆ ಕಟ್ಟಿ ಕಲಿಯುತ್ತಿದ್ದರು. ತೈಲದ ಬೆಲೆ ಇಳಿಯತೊಡಗಿ, ಅಲೆ ವಿದ್ಯುತ್ತಿನ ಖರ್ಚಿನ ಅಂದಾಜು ಏರಿ, 1982ರಲ್ಲಿ ಕಾರ್ಯಕ್ರಮವನ್ನು ಬಹುಮಟ್ಟಿಗೆ ಮುಚ್ಚಲಾಯಿತು. ಆ ಅಂದಾಜುಗಳು ಅನ್ಯಾಯದವು ಎಂದು ಸಾಲ್ಟರ್ 2024ರಲ್ಲಿ ತೀರಿಕೊಳ್ಳುವವರೆಗೂ ವಾದಿಸುತ್ತಲೇ ಇದ್ದರು. ಪೂರ್ಣ ಗಾತ್ರದ ಒಂದು ಬಾತುಕೋಳಿಯೂ ಕಡಲಿಗೆ ಇಳಿಯಲಿಲ್ಲ.

ಇಳಿದವುಗಳ ಗತಿ ಬೇರೆಯೇ ಪಾಠ ಹೇಳಿತು. ನಾರ್ವೆಯ ಬರ್ಗೆನ್ ಸಮೀಪದ ತೊಫ್ತೆಸ್ತಾಲೆನ್ ಬಂಡೆಗೆ ಆತು 1985ರಲ್ಲಿ ಕಟ್ಟಿದ 500 ಕಿಲೋವ್ಯಾಟಿನ ಉಕ್ಕಿನ ಗೋಪುರ ಚೆನ್ನಾಗಿಯೇ ನಡೆಯುತ್ತಿತ್ತು. 1988ರ ಕೊನೆಯ ಒಂದು ಬಿರುಗಾಳಿ ಅದನ್ನು ಕಿತ್ತು ಕಡಲಿಗೆ ಎಸೆಯಿತು. ಸ್ಕಾಟ್ಲೆಂಡಿನ ಡೂನ್ರೇ ಎದುರು 1995ರಲ್ಲಿ ಆಸ್ಪ್ರೆ ಎಂಬ ಯಂತ್ರ, ತಳದಲ್ಲಿ ಭದ್ರವಾಗಿ ಕೂರುವ ಮೊದಲೇ ಅಲೆಯ ಹೊಡೆತಕ್ಕೆ ಬಿರಿದು ಮುಳುಗಿತು. ದಡದ ಬಂಡೆಗೆ ಅಂಟಿಸಿ ಕಟ್ಟಿದವು ತಕ್ಕಮಟ್ಟಿಗೆ ಬಾಳಿದವು. ಅಝೋರ್ಸ್ ದ್ವೀಪಗಳ ಪೀಕೊದಲ್ಲಿ 400 ಕಿಲೋವ್ಯಾಟಿನ ಸ್ಥಾವರ ಕುಂಟುತ್ತ ನಡೆದು 2018ರಲ್ಲಿ ಕುಸಿಯಿತು. ಸ್ಕಾಟ್ಲೆಂಡಿನ ಐಲಾ ದ್ವೀಪದಲ್ಲಿ 2000ದಲ್ಲಿ ಶುರುವಾದ ಲಿಂಪೆಟ್ ಸ್ಥಾವರ ಹತ್ತು ವರ್ಷಕ್ಕೂ ಮೀರಿ ವಿದ್ಯುತ್ ಜಾಲಕ್ಕೆ (ಗ್ರಿಡ್) ವಿದ್ಯುತ್ ಕೊಟ್ಟಿತು.

ಅತಿ ಹೆಚ್ಚು ಆಸೆ ಹುಟ್ಟಿಸಿದ್ದು ಪೆಲಾಮಿಸ್. ನಮ್ಮ ಅರಬ್ಬೀ ಸಮುದ್ರದಲ್ಲೂ ಕಾಣಸಿಗುವ ಹಳದಿಹೊಟ್ಟೆಯ ಕಡಲಹಾವಿನ ಹಿಂದಿನ ಶಾಸ್ತ್ರೀಯ ಹೆಸರನ್ನು ಹೊತ್ತ ಈ ಯಂತ್ರವನ್ನು ರೂಪಿಸಿದವರು, ಸಾಲ್ಟರ್ ಅವರ ಎಡಿನ್‌ಬರೊದಿಂದಲೇ ಬಂದ ರಿಚರ್ಡ್ ಯೆಮ್. 120 ಮೀ. ಉದ್ದ, 3.5 ಮೀ. ದಪ್ಪದ ಕೆಂಪು ಕೊಳವೆಗಳ ಸರಣಿ. ಕೀಲುಗಳು ಬಾಗಿದಾಗ ಒಳಗಿನ ಎಣ್ಣೆಯನ್ನು ಪಂಪುಗಳು ಒತ್ತಿ ಮೋಟರನ್ನು ತಿರುಗಿಸುತ್ತಿದ್ದವು. ಸಾಮರ್ಥ್ಯ 750 ಕಿಲೋವ್ಯಾಟ್. ಅದರ ಬುದ್ಧಿವಂತಿಕೆ ಇದ್ದದ್ದು ಬಿರುಗಾಳಿಯನ್ನು ಎದುರಿಸುವ ರೀತಿಯಲ್ಲಿ. ಅಲೆಗೆ ಮೈಯೊಡ್ಡದೆ ಮೂತಿಯೊಡ್ಡಿ, ದೊಡ್ಡ ಅಲೆಯ ಒಳಗಿನಿಂದಲೇ ತೂರಿ ಹೋಗುತ್ತಿತ್ತು. 2004ರಲ್ಲಿ ಸ್ಕಾಟ್ಲೆಂಡಿನ ಆರ್ಕ್ನಿ ದ್ವೀಪಗಳ ಯುರೋಪಿಯನ್ ಸಾಗರಶಕ್ತಿ ಕೇಂದ್ರದಲ್ಲಿ ಅದು ಜಾಲಕ್ಕೆ ಸೇರಿತು. ತೆರೆದ ಕಡಲಿನ ತೇಲುಯಂತ್ರವೊಂದರಿಂದ ರಾಷ್ಟ್ರೀಯ ಜಾಲಕ್ಕೆ ವಿದ್ಯುತ್ ಹರಿದದ್ದು ಅದೇ ಮೊದಲು. 2008ರ ಸೆಪ್ಟೆಂಬರಿನಲ್ಲಿ ಪೋರ್ಚುಗಲ್ಲಿನ ಅಗುಸಾದೌರಾ ಎದುರು ಮೂರು ಪೆಲಾಮಿಸ್‌ಗಳು, ಒಟ್ಟು 2.25 ಮೆಗಾವ್ಯಾಟ್, ಜಗತ್ತಿನ ಮೊದಲ ಅಲೆ ವಿದ್ಯುತ್ ತೋಟವೆಂದು ಉದ್ಘಾಟನೆಯಾದವು. ಕೀಲುಗಳ ಬೇರಿಂಗುಗಳಲ್ಲಿ ದೋಷ ಕಂಡು ನವೆಂಬರಿನಲ್ಲಿ ಅವನ್ನು ಬಂದರಿಗೆ ಎಳೆದು ತಂದರು. ಅಷ್ಟರಲ್ಲಿ ಜಾಗತಿಕ ಆರ್ಥಿಕ ಕುಸಿತಕ್ಕೆ ಸಿಕ್ಕಿ ಹಣ ಹೂಡಿದ್ದ ಮುಖ್ಯ ಕಂಪನಿಯೇ ನೆಲಕಚ್ಚಿತು. ಯಂತ್ರಗಳು ಮತ್ತೆ ಆ ಕಡಲಿಗೆ ಹೋಗಲಿಲ್ಲ. ಎರಡನೇ ತಲೆಮಾರಿನ 180 ಮೀಟರಿನ ಪೆಲಾಮಿಸ್ ಆರ್ಕ್ನಿಯಲ್ಲಿ ಪರೀಕ್ಷೆಗೆ ಒಳಗಾದರೂ ಕಂಪನಿ 2014ರಲ್ಲಿ ಮುಚ್ಚಿತು. ತೊನೆಯುವ ಹಲಗೆಯ ಆಯ್ಸ್ಟರ್ ಯಂತ್ರ ಕಟ್ಟಿದ ಅಕ್ವಾಮರೀನ್ ಮರುವರ್ಷವೇ ಅದೇ ಹಾದಿ ಹಿಡಿಯಿತು. ಗಮನಿಸಬೇಕಾದ ಸಂಗತಿಯೆಂದರೆ ಈ ಕಂಪನಿಗಳಿಗೆ ಕೊನೆಯ ಪೆಟ್ಟು ಕೊಟ್ಟದ್ದು ಕಡಲಲ್ಲ, ತಾಳ್ಮೆಗೆಟ್ಟ ಬಂಡವಾಳ. ಒಂದು ಬೇರಿಂಗ್ ಬದಲಿಸಲು ಶಾಂತ ಹವೆಗಾಗಿ ವಾರಗಟ್ಟಲೆ ಕಾಯಬೇಕಾದ ಕ್ಷೇತ್ರದಲ್ಲಿ ಮೂರು ವರ್ಷದಲ್ಲಿ ಲಾಭ ಕೇಳುವ ಹಣ ಉಳಿಯುವುದಿಲ್ಲ.

ವಿಳಿಂಜಂ

ಭಾರತದಲ್ಲಿ ಈ ಕೆಲಸ 1980ರ ದಶಕದ ಮೊದಲ ಭಾಗದಲ್ಲಿ, ಮದ್ರಾಸಿನ ಭಾರತೀಯ ತಂತ್ರಜ್ಞಾನ ಸಂಸ್ಥೆಯಲ್ಲಿ, ಕೇಂದ್ರದ ಸಾಗರ ಅಭಿವೃದ್ಧಿ ಇಲಾಖೆಯ ನೆರವಿನಿಂದ ಆರಂಭವಾಯಿತು. ತಂಡ ಆರಿಸಿಕೊಂಡದ್ದು ನೀರುಕಂಬದ ವಿಧಾನವನ್ನು. ಜಾಗ ತಿರುವನಂತಪುರದ ಬಳಿಯ ವಿಳಿಂಜಂ ಮೀನುಗಾರಿಕಾ ಬಂದರಿನ ಬ್ರೇಕ್‌ವಾಟರ್, ಎಂದರೆ ಅಲೆತಡೆಗೋಡೆ. ಅಲ್ಲಿ ತೀರಕ್ಕೆ ಹತ್ತಿರದಲ್ಲೇ ಆಳ ಸಿಗುತ್ತದೆ, ಅಲೆಯ ವಾರ್ಷಿಕ ಸರಾಸರಿ ಮೀಟರಿಗೆ ಸುಮಾರು 13 ಕಿಲೋವ್ಯಾಟ್. ಸುಮಾರು 3,000 ಟನ್ ತೂಕದ ಕಾಂಕ್ರೀಟ್ ಪೆಟ್ಟಿಗೆಯನ್ನು ಕಟ್ಟಿ, ತೇಲಿಸಿ ಒಯ್ದು, ಸಮತಟ್ಟು ಮಾಡಿದ ತಳದ ಮೇಲೆ ಇಳಿಸಿ ಕೂರಿಸಿದರು. ಪೆಟ್ಟಿಗೆಯ ಮುಂದೆ ಎರಡು ಗೋಡೆಗಳನ್ನು ಚಾಚಿ ಅಲೆಯನ್ನು ಬಾಯಿಯತ್ತ ಕೂಡಿಸುವ ಏರ್ಪಾಟೂ ಇತ್ತು. ಎರಡು ಮೀಟರ್ ವ್ಯಾಸದ ವೆಲ್ಸ್ ಟರ್ಬೈನ್, 150 ಕಿಲೋವ್ಯಾಟಿನ ವಿದ್ಯುಜ್ಜನಕ. 1991ರಲ್ಲಿ ಇದು ಕೇರಳದ ವಿದ್ಯುತ್ ಜಾಲಕ್ಕೆ ಸೇರಿತು. ಆ ಹೊತ್ತಿಗೆ ಜಗತ್ತಿನಲ್ಲಿ ಇಂಥ ಸ್ಥಾವರಗಳು ಬೆರಳಲ್ಲಿ ಎಣಿಸುವಷ್ಟೇ ಇದ್ದವು.

ವಿಳಿಂಜಂ ವಿದ್ಯುತ್ತಿಗಿಂತ ಅರಿವನ್ನು ಹೆಚ್ಚು ಉತ್ಪಾದಿಸಿತು. ಮಳೆಗಾಲದಲ್ಲಿ ಟರ್ಬೈನ್ ಹುಮ್ಮಸ್ಸಿನಿಂದ ತಿರುಗುತ್ತಿತ್ತು. ಡಿಸೆಂಬರಿನಿಂದ ಮಾರ್ಚ್‌ವರೆಗೆ ಅಲೆ ಸಣ್ಣದಾಗಿ, ವಿದ್ಯುಜ್ಜನಕ ಜಾಲದಿಂದಲೇ ವಿದ್ಯುತ್ ಎಳೆದುಕೊಂಡು ತಿರುಗುವ ಪೇಚಿನ ಗಳಿಗೆಗಳೂ ಬರುತ್ತಿದ್ದವು. ದೊಡ್ಡ ಟರ್ಬೈನಿನ ಜಾಗಕ್ಕೆ ಚಿಕ್ಕವು ಬಂದವು. ಮುಂದೆ ಎರಡೂ ದಿಕ್ಕಿನ ಗಾಳಿಗೆ ತಿರುಗುವ ಇಂಪಲ್ಸ್ ಟರ್ಬೈನನ್ನೂ ಅಲ್ಲಿ ಪರೀಕ್ಷಿಸಲಾಯಿತು. 1993ರಲ್ಲಿ ಚೆನ್ನೈಯಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆಗೆ ಮೊದಲ ನಿರ್ದೇಶಕರಾಗಿ ಬಂದವರು ವಿಳಿಂಜಂ ತಂಡದ ಎಂ. ರವೀಂದ್ರನ್. ಆ ಸಂಸ್ಥೆ ಸ್ಥಾವರಕ್ಕೆ ಬೇರೆ ಕೆಲಸ ಹಚ್ಚಿತು. ಏರಿಳಿಯುವ ವಿದ್ಯುತ್ತನ್ನು ಜಾಲಕ್ಕೆ ತಿದ್ದಿ ಕೊಡುವ ಬದಲು ಅದರಿಂದಲೇ ಕಡಲನೀರನ್ನು ಸಿಹಿ ಮಾಡುವ, ದಿನಕ್ಕೆ 10,000 ಲೀಟರ್ ಸಾಮರ್ಥ್ಯದ ಘಟಕ ನಡೆಸಿತು. ಸಿಹಿನೀರನ್ನು ತೊಟ್ಟಿಯಲ್ಲಿ ಕೂಡಿಡಬಹುದು. ಅಲೆ ಬಂದಾಗ ದುಡಿ, ಇಲ್ಲದಾಗ ಸುಮ್ಮನಿರು ಎಂಬ ಲೆಕ್ಕ. ಇದು ವಿಳಿಂಜಂನ ನಿಜವಾದ ಕಾಣಿಕೆ ಎನ್ನಬೇಕು. 2011ರಲ್ಲಿ ಸ್ಥಾವರವನ್ನು ನಿಲ್ಲಿಸಲಾಯಿತು. ಈಗ ಅದೇ ವಿಳಿಂಜಂನಲ್ಲಿ ಅಂತರರಾಷ್ಟ್ರೀಯ ಕಂಟೇನರ್ ಬಂದರು ಎದ್ದಿದೆ, ಅದಕ್ಕೆಂದು ಸುಮಾರು ಮೂರು ಕಿಲೋಮೀಟರ್ ಉದ್ದದ ಹೊಸ ಬ್ರೇಕ್‌ವಾಟರ್ ಕಟ್ಟಿದ್ದಾರೆ. ಅದರಲ್ಲಿ ಅಲೆಕೋಣೆಗೆ ಜಾಗ ಸಿಕ್ಕಿಲ್ಲ.

ಮದ್ರಾಸಿನ ಅದೇ ಭಾರತೀಯ ತಂತ್ರಜ್ಞಾನ ಸಂಸ್ಥೆಯ ಮತ್ತೊಂದು ತಂಡ 2022ರ ನವೆಂಬರಿನಲ್ಲಿ ತೂತ್ತುಕ್ಕುಡಿಯಿಂದ ಆರು ಕಿ.ಮೀ. ಆಚೆ, 20 ಮೀ. ಆಳದ ನೀರಿನಲ್ಲಿ ಸಿಂಧುಜಾ-1 ಎಂಬ ತೇಲುಬುಂಡೆಯನ್ನು ಪರೀಕ್ಷಿಸಿತು. ಅದು ಉತ್ಪಾದಿಸುವುದು 100 ವ್ಯಾಟ್. ನಗುವಂಥದೇನಿಲ್ಲ, ಹವಾಮಾನ ಉಪಕರಣ ಹೊತ್ತ ಬೋಯೆಗೆ ಅಷ್ಟು ಸಾಕು. ಕೇಂದ್ರದ ನವ ಮತ್ತು ನವೀಕರಿಸಬಹುದಾದ ಇಂಧನ ಸಚಿವಾಲಯ 2019ರಲ್ಲಿ ಅಲೆ, ಉಬ್ಬರವಿಳಿತ ಮತ್ತು ಸಾಗರೋಷ್ಣ ಮೂಲದ ವಿದ್ಯುತ್ತನ್ನು ನವೀಕರಿಸಬಹುದಾದ ಶಕ್ತಿಯೆಂದು ಸ್ಪಷ್ಟವಾಗಿ ಮಾನ್ಯ ಮಾಡಿತು.

ಮುತ್ರಿಕುವಿನ ಗೋಡೆ

ಸ್ಪೇನಿನ ಬಾಸ್ಕ್ ಪ್ರಾಂತದ ಮುತ್ರಿಕು ಒಂದು ಸಣ್ಣ ಮೀನುಗಾರಿಕಾ ಊರು. ಅದರ ಬಂದರಿಗೆ ಹೇಗೂ ಹೊಸ ಅಲೆತಡೆಗೋಡೆ ಬೇಕಾಗಿತ್ತು. ಗೋಡೆಯ ಒಂದು ಭಾಗವನ್ನು ಟೊಳ್ಳಾಗಿ ಕಟ್ಟಿ 16 ಗಾಳಿಕೋಣೆಗಳನ್ನು ಮಾಡಿ, ತಲಾ 18.5 ಕಿಲೋವ್ಯಾಟಿನ ಪುಟ್ಟ ವೆಲ್ಸ್ ಟರ್ಬೈನುಗಳನ್ನು ಕೂರಿಸಿದರು. ಒಟ್ಟು 296 ಕಿಲೋವ್ಯಾಟ್. ಕಟ್ಟುತ್ತಿರುವಾಗಲೇ ಬಿರುಗಾಳಿಗೆ ಕೆಲವು ಕೋಣೆಗಳು ಬಿರುಕುಬಿಟ್ಟರೂ 2011ರ ಜುಲೈಯಲ್ಲಿ ಕೆಲಸ ಶುರುವಾಯಿತು. ಅಲೆ ವಿದ್ಯುತ್ತಿನ ಲೋಕದಲ್ಲಿ ಇಷ್ಟು ದೀರ್ಘಕಾಲ ಸತತವಾಗಿ ಜಾಲಕ್ಕೆ ವಿದ್ಯುತ್ ಕೊಟ್ಟ ಸ್ಥಾವರ ಇನ್ನೊಂದಿಲ್ಲ. ಮೊದಲ ಒಂಬತ್ತು ವರ್ಷಗಳಲ್ಲಿ ಅದರ ಒಟ್ಟು ಉತ್ಪಾದನೆ 20 ಲಕ್ಷ ಯೂನಿಟ್ಟುಗಳನ್ನು ದಾಟಿತು. ಇದು ಸ್ಥಾಪಿತ ಸಾಮರ್ಥ್ಯದ ಹತ್ತನೇ ಒಂದು ಪಾಲಿನ ಆಸುಪಾಸು. ಒಳ್ಳೆಯ ಗಾಳಿಯಂತ್ರ ಇದರ ಮೂರು ಪಟ್ಟು ಮುಟ್ಟುತ್ತದೆ. ಆದರೂ ಮುತ್ರಿಕುವಿನ ತರ್ಕ ಗಟ್ಟಿ. ಬಿರುಗಾಳಿಯನ್ನು ತಡೆಯುವ ಕಾಂಕ್ರೀಟಿನ ಖರ್ಚನ್ನು ಬಂದರು ಹೊತ್ತಿತು. ಒಂದು ಟರ್ಬೈನ್ ಕೆಟ್ಟರೆ ಉಳಿದ ಹದಿನೈದು ನಡೆಯುತ್ತವೆ, ಕೆಟ್ಟದ್ದನ್ನು ಮೆಕ್ಯಾನಿಕ್ ನಡೆದುಕೊಂಡು ಹೋಗಿ ಬಿಚ್ಚುತ್ತಾನೆ.

ತೆರೆದ ಕಡಲಿನ ಪ್ರಯತ್ನಗಳೂ ನಿಂತಿಲ್ಲ. ಚೀನಾ 2023ರಲ್ಲಿ ಗುವಾಂಗ್‌ಡಾಂಗ್ ತೀರದಲ್ಲಿ ನಾನ್ಕುನ್ ಎಂಬ ಒಂದು ಮೆಗಾವ್ಯಾಟಿನ ತೇಲುವೇದಿಕೆಯನ್ನು ಇಳಿಸಿತು. ಅಮೆರಿಕ ಆರೆಗನ್ ತೀರದಲ್ಲಿ 20 ಮೆಗಾವ್ಯಾಟ್‌ವರೆಗಿನ ಯಂತ್ರಗಳನ್ನು ಪರೀಕ್ಷಿಸಲು ಪ್ಯಾಕ್‌ವೇವ್ ಎಂಬ ತಾಣ ಸಜ್ಜುಗೊಳಿಸಿದೆ. ಸ್ವೀಡನ್ನಿನ ಕಾರ್‌ಪವರ್ ಕಂಪನಿಯ 300 ಕಿಲೋವ್ಯಾಟಿನ ತೇಲುಬುಂಡೆ, ಪೆಲಾಮಿಸ್ ಸೋತ ಅದೇ ಅಗುಸಾದೌರಾ ಎದುರು, 2023ರ ನವೆಂಬರಿನ ಬಿರುಗಾಳಿಯಲ್ಲಿ 18.5 ಮೀ. ಎತ್ತರದ ಅಲೆಗಳನ್ನು ತಾಳಿಕೊಂಡಿತು. ಗಾಳಿಯಂತ್ರ ಬಿರುಗಾಳಿಯಲ್ಲಿ ರೆಕ್ಕೆ ತಿರುವಿ ಗಾಳಿಯಿಂದ ತಪ್ಪಿಸಿಕೊಳ್ಳುವಂತೆ, ಈ ತೇಲು ದೊಡ್ಡ ಅಲೆ ಬಂದಾಗ ತನ್ನ ಲಯವನ್ನು ಬೇಕೆಂದೇ ಕೆಡಿಸಿಕೊಂಡು ಅಲೆಗೆ ಜೊತೆಗೂಡದೆ ಉಳಿಯುತ್ತದೆ. ಸರಿಯಾದ ದಿಕ್ಕಿನ ಹೆಜ್ಜೆ ಇದು. ಆದರೆ ಒಂದು ಬಿರುಗಾಳಿ ಇಪ್ಪತ್ತು ವರ್ಷದ ಬಾಳಿಕೆಯಲ್ಲ.

ಕರ್ನಾಟಕದ ಕಡಲು, ದ್ವೀಪದ ಕಡಲು

ಕಾರವಾರದಿಂದ ಉಳ್ಳಾಲದವರೆಗಿನ ಕರ್ನಾಟಕದ ಕರಾವಳಿಯಲ್ಲಿ ವರ್ಷಕ್ಕೆ ಎರಡು ಬೇರೆ ಬೇರೆ ಕಡಲುಗಳಿವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎರಡೂವರೆ ಮೂರು ಮೀಟರಿನ ಅಲೆಗಳು ಸಾಮಾನ್ಯ. ಮೀಟರಿಗೆ ಇಪ್ಪತ್ತೈದು ಕಿಲೋವ್ಯಾಟಿನ ದಿನಗಳು ಅಪರೂಪವಲ್ಲ. ಡಿಸೆಂಬರಿನಿಂದ ಮಾರ್ಚ್‌ವರೆಗೆ ಮುಕ್ಕಾಲು ಮೀಟರಿನ ಅಲೆ, ಒಂದೂವರೆ ಎರಡು ಕಿಲೋವ್ಯಾಟ್. ರಾಜ್ಯದ ವಿದ್ಯುತ್ ಬೇಡಿಕೆ ಸಾಮಾನ್ಯವಾಗಿ ತುದಿ ಮುಟ್ಟುವುದು ಬೇಸಗೆಯ ಮಾರ್ಚ್–ಏಪ್ರಿಲಿನಲ್ಲಿ, ಕಡಲು ಕೊಳದಂತೆ ಮಲಗಿರುವ ಹೊತ್ತಿನಲ್ಲಿ. ಅಲೆ ಎದ್ದಾಗ ಚಿತ್ರದುರ್ಗ, ಗದಗದ ಗಾಳಿಯಂತ್ರಗಳೂ ಭರದಿಂದ ತಿರುಗುತ್ತಿರುತ್ತವೆ, ಲಿಂಗನಮಕ್ಕಿ ಜಲಾಶಯವೂ ತುಂಬುತ್ತಿರುತ್ತದೆ. ಅಲೆಯ ವಿದ್ಯುತ್ತು ಹೀಗೆ, ಬೇಕಿಲ್ಲದಾಗ ಬರುವ ನೆಂಟ. ಪಾವಗಡದ 2,050 ಮೆಗಾವ್ಯಾಟಿನ ಸೌರ ಉದ್ಯಾನ ಮೋಡದ ಕೆಳಗೆ ಮಂಕಾಗುವುದೂ ಇದೇ ತಿಂಗಳುಗಳಲ್ಲಿ ಎಂಬುದು ಅಲೆಯ ಪರವಾಗಿ ಹೇಳಬಹುದಾದ ಮಾತು. ಆದರೆ ಬಯಲಿನ ಗಾಳಿಯಂತ್ರ ಅದೇ ಕೊರತೆಯನ್ನು ಬಹಳ ಅಗ್ಗವಾಗಿ ತುಂಬುತ್ತಿರುವಾಗ ಅದಕ್ಕೆ ತೂಕ ಕಡಿಮೆ.

ಇಲ್ಲಿ ಅಲೆಯೆಂದರೆ ಮೊದಲು ನೆನಪಿಗೆ ಬರುವುದು ಕಡಲ್ಕೊರೆತ. ಉಳ್ಳಾಲ, ಮರವಂತೆಗಳಲ್ಲಿ ಪ್ರತಿ ಮಳೆಗಾಲ ಕಲ್ಲು ಸುರಿದು ಅಲೆಯ ಬಲವನ್ನು ಮುರಿಯಬೇಕಾಗಿದೆ. ಉಳ್ಳಾಲದಲ್ಲಿ ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ಸಾಲದಿಂದ ತೀರದಾಚೆ ಕೃತಕ ದಿಬ್ಬಗಳನ್ನೇ ಕಟ್ಟಲಾಗಿದೆ. ಸುರತ್ಕಲ್ಲಿನ ರಾಷ್ಟ್ರೀಯ ತಂತ್ರಜ್ಞಾನ ಸಂಸ್ಥೆ ತನ್ನ ಅಲೆಗಾಲುವೆಯಲ್ಲಿ ಬ್ರೇಕ್‌ವಾಟರುಗಳ ಮಾದರಿಗಳನ್ನು ದಶಕಗಳಿಂದ ಪರೀಕ್ಷಿಸುತ್ತ ಬಂದಿದೆ. ಹಾಗಾಗಿ ಮುತ್ರಿಕುವಿನ ಉಪಾಯ ಇಲ್ಲಿಗೂ ಸಲ್ಲುವುದಿಲ್ಲವೇ ಎಂಬ ಪ್ರಶ್ನೆ ಸಹಜ. ಸಲ್ಲಲು ನೆಟ್ಟಗೆ ನಿಂತ ಕಾಂಕ್ರೀಟ್ ಪೆಟ್ಟಿಗೆಯ ಗೋಡೆ ಬೇಕು, ಅದರ ಬುಡದಲ್ಲಿ ಆಳ ಬೇಕು. ನಮ್ಮ ತೀರದ ಹೆಚ್ಚಿನ ತಡೆಗಳು ಕಡಿಮೆ ಆಳದ ಮರಳಿನ ಮೇಲೆ ಸುರಿದ ಕಲ್ಲುರಾಶಿಗಳು. ಇದ್ದವಕ್ಕೆ ಕೋಣೆ ಕೊರೆಯಲಾಗದು. ಹೊಸದಾಗಿ ಆಳನೀರಿನ ಬಂದರು ಕಟ್ಟುವಲ್ಲಿ, ನಕ್ಷೆ ಬರೆಯುವಾಗಲೇ ಸೇರಿಸಿದರೆ ಮಾತ್ರ ಸಾಧ್ಯ. ತೆರೆದ ಕಡಲಲ್ಲಿ ಯಂತ್ರ ನಿಲ್ಲಿಸುವುದಾದರೆ ಬೋಟುಗಳ ದಾರಿ, ಬಲೆ ಬೀಸುವ ಜಾಗ ಯಾವುವೆಂದು ಮೀನುಗಾರರನ್ನೇ ಕೇಳಬೇಕು. ಜೂನ್, ಜುಲೈಗಳ 61 ದಿನ ಯಾಂತ್ರಿಕ ದೋಣಿಗಳಿಗೆ ನಿಷೇಧವಿದ್ದರೂ, ತೂಫಾನ್ ಎದ್ದು ಕಡಲಡಿ ಕದಡಿದ ಮೇಲೆ ದಡದ ಸಮೀಪ ನಾಡದೋಣಿಗಳಿಗೆ ಮೀನು ಸಿಗುವ ಕಾಲವೂ ಅದೇ.

ಲಕ್ಷದ್ವೀಪದ ಲೆಕ್ಕ ಬೇರೆ. ಅಲ್ಲಿ ಅಲೆ ವಿದ್ಯುತ್ತು ಸೆಣಸಬೇಕಾದದ್ದು ಪಾವಗಡದ ಸೌರ ದರದೊಂದಿಗೆ ಅಲ್ಲ, ಮುಖ್ಯಭೂಮಿಯಿಂದ ಹಡಗಿನಲ್ಲಿ ಬರುವ ಡೀಸೆಲಿನೊಂದಿಗೆ. ಕುಡಿಯುವ ನೀರಿಗೂ ಅಲ್ಲಿ ವಿದ್ಯುತ್ತೇ ಬೇಕು; ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆ 2005ರಲ್ಲಿ ಕವರತ್ತಿಯಲ್ಲಿ ಕಡಲನೀರು ಸಿಹಿ ಮಾಡುವ ಸ್ಥಾವರ ಆರಂಭಿಸಿತು, ಬೇರೆ ದ್ವೀಪಗಳಿಗೂ ಅದು ಹಬ್ಬಿದೆ. ಮಳೆಗಾಲದಲ್ಲಿ ದ್ವೀಪದ ಸೌರಫಲಕಗಳು ಸೊರಗುತ್ತವೆ, ಮಂಗಳೂರಿನ ಹಳೆ ಬಂದರಿನಿಂದ ಅಕ್ಕಿ, ತರಕಾರಿ, ಸಿಮೆಂಟ್ ಹೊತ್ತು ಹೋಗುವ ಮಂಜಿ ಹಡಗುಗಳು ಸೆಪ್ಟೆಂಬರ್‌ವರೆಗೆ ಲಂಗರು ಹಾಕುತ್ತವೆ. ಆ ನಾಲ್ಕು ತಿಂಗಳು ದ್ವೀಪದ ಸುತ್ತ ಅಲೆಗೆ ಮಾತ್ರ ಕೊರತೆ ಇರುವುದಿಲ್ಲ. ವಿಳಿಂಜಂನಲ್ಲಿ ಕಲಿತ ಸಿಹಿನೀರಿನ ವಿದ್ಯೆಗೆ ಭಾರತದಲ್ಲಿ ಇದಕ್ಕಿಂತ ತಕ್ಕ ಜಾಗ ಸಿಗುವುದು ಕಷ್ಟ.